ಹಗ್ಗದ ಮೇಲಿನ ಹನ್ನೆರಡು ಚೀಟಿ

ಮಾರ್ಚ್ 3, ಸೋಮವಾರ

ಶಿಕ್ಷಣ ಕಚೇರಿಯ ಪತ್ರ ಬಂತು. ಮನೆಯಲ್ಲೇ ಓದುವ ಮಕ್ಕಳಿಗೆ ಮೌಖಿಕ ಪರೀಕ್ಷೆಯಂತೆ. ಏಪ್ರಿಲ್ ಹದಿನೈದು, ಬೆಳಿಗ್ಗೆ ಹತ್ತೂವರೆ. ಮೂರು ಜನ ಕೂತು ಕೇಳುತ್ತಾರೆ, ಮಗು ನಿಂತು ಹೇಳಬೇಕು. ಪಾಸಾದರೆ ಇನ್ನೊಂದು ವರ್ಷ ಮನೆಯಲ್ಲೇ ಕಲಿಸಬಹುದು. ಇಲ್ಲವಾದರೆ "ಮಗುವನ್ನು ಹಿಂದಿನ ಶಾಲೆಯ ಹಿಂದಿನ ತರಗತಿಗೆ ಮರುದಾಖಲು ಮಾಡತಕ್ಕದ್ದು."

ಹಿಂದಿನ ತರಗತಿ. ಅಂದರೆ ಆ ಟೀಚರಮ್ಮ. ಅಂದರೆ ಆ ಟೇಪು.

ಬರೆದಿಡುತ್ತೇನೆ. ನನ್ನ ಮಗಳಿಗೆ ಎಂಟು ವರ್ಷ. ಪಾಠದ ನಡುವೆ ಒಂದರ ಮೇಲೊಂದು ಪ್ರಶ್ನೆ ಕೇಳಿದಳು ಅಂತ ಆ ಹೆಂಗಸು ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪನ್ನು ಕತ್ತರಿಸಿ ಅವಳ ಬಾಯಿಗೆ ಅಂಟಿಸಿ, ಒಂದಿಡೀ ಪೀರಿಯಡ್ಡು ಬೋರ್ಡಿನ ಪಕ್ಕ ನಿಲ್ಲಿಸಿದಳು. ನಲವತ್ತು ಮಕ್ಕಳು ನಕ್ಕರು. ಮಗಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಹೆಡ್‌ಮಾಸ್ತರನನ್ನು ಕೇಳಿದರೆ "ಶಿಸ್ತು" ಅಂದ. ಇವರ ಶಿಸ್ತಿಗೆ ಬೆಂಕಿ ಬೀಳಲಿ.

ಅವಳಿಗೆ ಅವರಮ್ಮ ಇಟ್ಟ ಅಡ್ಡಹೆಸರು ಗಿರಣಿ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ನಿಲ್ಲುತ್ತಿರಲಿಲ್ಲ. ಆಮೇಲೆ ಹತ್ತೊಂಬತ್ತು ದಿನ ಗಿರಣಿ ನಿಂತೇಹೋಯಿತು. ಶಾಲೆ ಬಿಡಿಸಿದೆವು. ಈಗ ಎಂಟು ತಿಂಗಳಾಯಿತು. ಮನೆಯಲ್ಲಿ ಮಾತಾಡುತ್ತಾಳೆ. ಹೊರಗಿನವರ ಮುಂದೆ ತುಟಿ ಬಿಚ್ಚುವುದಿಲ್ಲ.

ಅಂಥವಳು ಮೂರು ಜನ ಗುರುತಿಲ್ಲದವರ ಮುಂದೆ ನಿಂತು ಹೇಳಬೇಕು. ವಿಷಯ: ಪ್ರಾಚೀನ ಗ್ರೀಸ್ ಮತ್ತು ರೋಮ್. ಗಣಿತ, ವಿಜ್ಞಾನ ಹೆಂಡತಿಯ ಪಾಲು. ಅವಳು ನರ್ಸು, ಓದಿದವಳು. ಇತಿಹಾಸ ನನ್ನ ಪಾಲು. ನನ್ನನ್ನು ಯಾರೂ ಒತ್ತಾಯ ಮಾಡಿರಲಿಲ್ಲ. "ಇತಿಹಾಸ ನನಗೆ ಬಿಡು" ಅಂತ ಎದೆ ತಟ್ಟಿಕೊಂಡವನು ನಾನೇ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವನು. ಏಳನೇ ತರಗತಿಗೆ ಶಾಲೆ ಬಿಟ್ಟವನು. ಕಲಿತ ಇತಿಹಾಸವೆಲ್ಲ ಯೂನಿಯನ್ ಆಫೀಸಿನ ಬೆಂಚಿನ ಮೇಲೆ.

ಮುಷ್ಕರದಲ್ಲಿ ಆಸ್ಪತ್ರೆಯ ಗೇಟಿನ ಮುಂದೆ ಪೊಲೀಸರ ಎದುರು ನಿಂತು ಘೋಷಣೆ ಕೂಗಿದವನು ನಾನು. ಆವತ್ತು ಹೆದರಿರಲಿಲ್ಲ. ಇವತ್ತು ಒಂದು ಹಾಳೆ ಕಾಗದವನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದೇನೆ.

ಮಾರ್ಚ್ 5, ಬುಧವಾರ

ಪತ್ರದ ಜೊತೆ ಹನ್ನೆರಡು ಘಟನೆಗಳ ಪಟ್ಟಿ ಇದೆ. ಕ್ರಮವಿಲ್ಲದೆ ಚೆಲ್ಲಾಪಿಲ್ಲಿ. "ಕಾಲಾನುಕ್ರಮದಲ್ಲಿ ಜೋಡಿಸಿ ವಿವರಿಸುವುದು." ಎಲ್ಲ ಇಸವಿಗೂ ಹಿಂದೆ ಕ್ರಿ.ಪೂ. ಅಂತ ಹಾಕಿದ್ದಾರೆ. ಕ್ರಿಸ್ತ ಹುಟ್ಟುವುದಕ್ಕೆ ಮುಂಚಿನದು, ಅಷ್ಟು ನನಗೂ ಗೊತ್ತು. ಲೈಬ್ರರಿಯಿಂದ ಮಕ್ಕಳ ಪುಸ್ತಕ ತಂದೆ. ಅದು ನಿಘಂಟಿನ ಥರ, ಅಗಸ್ಟಸ್, ಅಥೆನ್ಸ್, ಅಲೆಕ್ಸಾಂಡರ್ ಅಂತ ಅಕ್ಷರದ ಲೆಕ್ಕದಲ್ಲಿದೆ. ಯಾರ ನಂತರ ಯಾರು ಬಂದರು ಅಂತ ನಾವೇ ಹೊಂದಿಸಿಕೊಳ್ಳಬೇಕು.

ನನಗೊಂದು ಉಪಾಯ ಹೊಳೆಯಿತು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆ. ಹನ್ನೆರಡು ಚೀಟಿ ಬರೆದು ಕ್ಲಿಪ್ಪು ಹಾಕಿ ನೇತುಹಾಕಿದೆ. ಎಡಗಡೆ ಮೊದಲು 27, ಅಗಸ್ಟಸ್ ಚಕ್ರವರ್ತಿಯಾದ. ಆಮೇಲೆ 44, ಸೀಸರನಿಗೆ ಇರಿದರು. 73, ಸ್ಪಾರ್ಟಕಸ್ ಅನ್ನುವ ಗುಲಾಮ ದಂಗೆ ಎದ್ದ. 218, ಹ್ಯಾನಿಬಲ್ ಆನೆ ಹೊಡೆದುಕೊಂಡು ರೋಮಿನ ಮೇಲೆ ಬಂದ. 323, ಅಲೆಕ್ಸಾಂಡರ್ ಸತ್ತ. 399, ಸಾಕ್ರಟೀಸನಿಗೆ ವಿಷ ಕೊಟ್ಟರು. 447, ಪಾರ್ಥೆನಾನ್ ಕಟ್ಟಲು ಶುರು. 490, ಮ್ಯಾರಥಾನಿನಲ್ಲಿ ಚಿಕ್ಕ ಊರಿನ ಜನ ದೊಡ್ಡ ಸಾಮ್ರಾಜ್ಯವನ್ನು ಸೋಲಿಸಿದರು. 508, ಅಥೆನ್ಸಿನಲ್ಲಿ ಜನರ ಆಳ್ವಿಕೆ. 509, ರೋಮಿನ ಜನ ರಾಜನನ್ನು ಓಡಿಸಿದರು. 753, ರೋಮ್ ಸ್ಥಾಪನೆ. ರಾಜನನ್ನು ಓಡಿಸಿದ ಮೇಲೆ ಹೊಸದಾಗಿ ಕಟ್ಟಿಕೊಂಡಿರಬೇಕು. 776, ಒಲಿಂಪಿಕ್ ಆಟ.

ನೋಡುತ್ತ ನಿಂತೆ. ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಮೊದಲು ಚಕ್ರವರ್ತಿ. ಅವನ ಕೆಳಗೆ ಗುಲಾಮರು. ಗುಲಾಮರು ಎದ್ದರು. ಕೊನೆಗೆ ರಾಜ ಓಡಿದ, ಜನ ಆಳಿದರು, ಹೊಸ ಊರು ಕಟ್ಟಿದರು, ಎಲ್ಲರೂ ಸೇರಿ ಆಟ ಆಡಿದರು. ಯೂನಿಯನ್ ಬೆಂಚಿನ ಮೇಲೆ ನಮಗೆ ಹೇಳಿಕೊಟ್ಟದ್ದು ಇದನ್ನೇ ಅಲ್ಲವೇ! ಇತಿಹಾಸ ಮುಂದಕ್ಕೇ ನಡೆಯುತ್ತದೆ ಅಂತ.

ಮಾರ್ಚ್ 9, ಭಾನುವಾರ

ಮೂವರೂ ಮನೆಯಲ್ಲಿದ್ದೆವು. ಉಳಿದ ದಿನ ನಾನು ಬೆಳಿಗ್ಗೆ ಆರರಿಂದ ಎರಡು, ಅವಳು ಎರಡರಿಂದ ಹತ್ತು. ಎರಡು ಗಂಟೆಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಮಗಳು ಅವರಮ್ಮನ ಕೈಯಿಂದ ನನ್ನ ಕೈಗೆ ಬರುತ್ತಾಳೆ. ಗಂಡಹೆಂಡತಿಯ ಸಂಸಾರ ಅಲ್ಲಿ ಮೂರು ನಿಮಿಷ.

ಇವತ್ತು ರೋಮನ್ನರ ಬಿಳಿ ನಿಲುವಂಗಿಯ ಪಾಠ. ಆಸ್ಪತ್ರೆಯ ಹಳೆ ಶೀಟು ಸುತ್ತಿ ಮಗಳನ್ನು ಸೆನೆಟರ್ ಮಾಡಿದೆ.

"ಅಪ್ಪ, ಇಷ್ಟು ಬೆಳ್ಳಗಿರೋದನ್ನ ಯಾರು ಒಗೀತಿದ್ರು?"

ಪುಸ್ತಕ ತಿರುಗಿಸಿದೆ. ಇತ್ತು! ಒಗೆಯುವವರು ದೊಡ್ಡ ತೊಟ್ಟಿಗಳಲ್ಲಿ ನಿಂತು ಕಾಲಲ್ಲಿ ತುಳಿಯುತ್ತಿದ್ದರು. ತೊಟ್ಟಿಯಲ್ಲಿ ಮೂತ್ರ. ಬೀದಿಯಿಂದ ಗಡಿಗೆಯಲ್ಲಿ ತುಂಬಿಸಿ ತರುತ್ತಿದ್ದರಂತೆ. ಕೊಳೆ ಹೋಗುತ್ತದೆ ಅಂತ.

"ಛೀ! ಸೆನೆಟರ್ ಬಟ್ಟೇಲಿ ಉಚ್ಚೆ!"

"ನಿಮ್ಮಪ್ಪನ ಕಸುಬಿನವ್ರು ಅಲ್ಲೂ ಇದ್ರು ನೋಡು," ಹೆಂಡತಿ ಅಂದಳು. "ಕಾಮ್ರೇಡ್, ಅವ್ರಿಗೂ ಯೂನಿಯನ್ ಇತ್ತಾ?"

ಮಗಳು ನಕ್ಕು ನಕ್ಕು ಶೀಟಿನ ಸಮೇತ ನೆಲಕ್ಕೆ ಬಿದ್ದಳು. ಮಧ್ಯಾಹ್ನವಿಡೀ ಗಿರಣಿ ಓಡಿತು. ತುಳಿಯುವವರ ಕಾಲು ಉರಿಯುತ್ತಿರಲಿಲ್ಲವಾ? ಅವರು ವೋಟು ಹಾಕುತ್ತಿದ್ದರಾ? ಗಡಿಗೆ ಯಾರದು? ನನಗೆ ಒಂದಕ್ಕೂ ಉತ್ತರ ಗೊತ್ತಿಲ್ಲ. ಆ ಮೂರು ಜನ ಇದನ್ನೆಲ್ಲ ಕೇಳುವುದಿಲ್ಲ ತಾನೇ? ಕೇಳಿದರೆ?

ಮಾರ್ಚ್ 14, ಶುಕ್ರವಾರ

ಸ್ಪಾರ್ಟಕಸ್ ಪಾಠ. ಅಡುಗೆಮನೆಯ ಚಾಕು ಚೂರಿ ಕದ್ದು ಓಡಿದವರು ಒಂದು ಸೈನ್ಯವೇ ಆದರು ಅಂತ ಹೇಳುವಾಗ ನನ್ನ ದನಿ ನನಗೇ ಗೊತ್ತಾಗದ ಹಾಗೆ ಏರಿತು. ಮೂರು ವರ್ಷದ ಹಿಂದೆ ನಮ್ಮ ಲಾಂಡ್ರಿಯ ಮುಷ್ಕರ. ನಲವತ್ತನಾಲ್ಕು ದಿನ ಬಾಗಿಲ ಮುಂದೆ ಕೂತೆವು. ಸೋತೆವು. ಹನ್ನೊಂದು ಜನರನ್ನು ತೆಗೆದರು. ನಾನು ಉಳಿದೆ. ಉಳಿದೆ ಅನ್ನುವುದನ್ನು ಹೇಳಿಕೊಳ್ಳುವ ಹಾಗೂ ಇಲ್ಲ.

"ಕೊನೆಗೆ ಗುಲಾಮರು ಗೆದ್ರಾ ಅಪ್ಪ?"

ಸ್ಪಾರ್ಟಕಸ್ ಕಾಳಗದಲ್ಲಿ ಸತ್ತ ಅಂತ ಪುಸ್ತಕದಲ್ಲಿದೆ. ಹಿಡಿದ ಆರು ಸಾವಿರ ಜನರನ್ನು ಕಾಪುವಾ ಊರಿನಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೆ ಹೊಡೆದರು ಅಂತಲೂ ಇದೆ. ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದೆ. ಎಂಟು ವರ್ಷದ ಕೂಸಿಗೆ ಅದೆಲ್ಲ ಬೇಡ.

"ಅವನು ಸತ್ತ. ಆದ್ರೆ ದಂಗೆ ಸಾಯ್ಲಿಲ್ಲ. ನೋಡು, ಮುಂದೆ 509ರಲ್ಲಿ ರಾಜನ್ನೇ ಓಡಿಸಿದ್ರಲ್ಲ. ಗೆದ್ರು ಕಣೇ."

ಹಗ್ಗದ ಕೆಳಗೆ ಎರಡು ಸಲ ಕುಣಿದಳು.

ಮಾರ್ಚ್ 20, ಗುರುವಾರ

ಇವತ್ತು ರೇಗಿಬಿಟ್ಟೆ.

ಪುಸ್ತಕದಲ್ಲಿ ಅಲೆಕ್ಸಾಂಡರ್ ಹುಟ್ಟಿದ್ದು 356, ಸತ್ತದ್ದು 323.

"ಅಪ್ಪ, ಇವನು ಹುಟ್ಟೋಕಿಂತ ಮುಂಚೆ ಸತ್ತೋದ್ನಾ?"

ನೋಡಿದೆ. ಹೌದು. "ಪ್ರಿಂಟಿನವ್ರು ತಪ್ಪು ಮಾಡಿದ್ದಾರೆ" ಅಂದು ಪೆನ್ನು ತೆಗೆದು ಅದಲುಬದಲು ತಿದ್ದಿದೆ. ಲೈಬ್ರರಿ ಪುಸ್ತಕ, ಆದರೂ ತಿದ್ದಿದೆ. ಅವಳು ಪುಟ ತಿರುಗಿಸಿದಳು.

"ಸಾಕ್ರಟೀಸೂ. 470, 399. ಸೀಸರೂ. 100, 44. ಎಲ್ಲಾರ್ದೂ ಪ್ರಿಂಟ್ ತಪ್ಪಾ?"

"ಹೌದು."

"ಎಲ್ಲಾರ್ದೂನಾ? ಅದ್ಹೇಗಪ್ಪ? ಒಬ್ಬರದಾದ್ರೂ ಸರಿ ಇರ್ಬೇಕಲ್ಲ? ಹಗ್ಗಾನೇ..."

"ಸಾಕು, ಬಾಯ್ಮುಚ್ಚು! ಅಲ್ಲಿ ಆ ಮೂರು ಜನ ನಿನ್ನ ಪ್ರಶ್ನೆ ಕೇಳಲ್ಲ, ಉತ್ತರ ಕೇಳ್ತಾರೆ. ಪ್ರಶ್ನೆ ಬೇಡ. ಉತ್ತರ ಕಲಿ."

ಪುಸ್ತಕ ಮುಚ್ಚಿಟ್ಟಳು. ಇನ್ನು ಇಪ್ಪತ್ತಾರು ದಿನ. ಇಷ್ಟು ಪ್ರಶ್ನೆ ಕೇಳುತ್ತ ಕೂತರೆ ಹನ್ನೆರಡು ಚೀಟಿ ಯಾವಾಗ ಬಾಯಿಪಾಠ ಆಗಬೇಕು? ಅವಳ ಒಳ್ಳೆಯದಕ್ಕೇ ತಾನೇ.

ಮಾರ್ಚ್ 27, ಗುರುವಾರ

ಹೊಸ ಪದ್ಧತಿ ಶುರು ಮಾಡಿದ್ದೇನೆ. ನಾನೇ ಪರೀಕ್ಷಕ. ಹೆಂಡತಿಯ ಹಳೆ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತೇನೆ. ಅವಳು ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ ನಿಲ್ಲಬೇಕು. ನಾನು ಇಸವಿ ಹೇಳಿದರೆ ಅವಳು ಘಟನೆ ಹೇಳಬೇಕು. ತಡವರಿಸಿದರೆ ಮರದ ಹ್ಯಾಂಗರಿನಿಂದ ಮೇಜಿನ ಮೇಲೆ ಒಂದು ಏಟು. ಮೇಜಿಗೆ ಮಾತ್ರ. ಮಗುವಿಗೆ ಕೈ ಎತ್ತುವ ಜಾತಿ ಅಲ್ಲ ನಾನು.

ಮೊದಲ ದಿನ ಕನ್ನಡಕ ನೋಡಿ ನಕ್ಕಳು. ಈಗ ನಗುವುದಿಲ್ಲ. ಗಂಭೀರತೆ ಬಂದಿದೆ.

ಇವತ್ತು ಹನ್ನೆರಡಕ್ಕೆ ಹನ್ನೊಂದು ಸರಿ.

ಏಪ್ರಿಲ್ 2, ಬುಧವಾರ

ಹನ್ನೆರಡಕ್ಕೆ ಹನ್ನೆರಡು. ಒಂದೂ ಅಡ್ಡ ಮಾತಿಲ್ಲ. ಬೇಕಾದಷ್ಟೇ ಹೇಳುತ್ತಾಳೆ, ಆಮೇಲೆ ನೆಲ ನೋಡುತ್ತಾಳೆ. ಇನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಸಾಕು. ದನಿ ಏಕೋ ಇಳಿದಿದೆ.

ಹಿಂಬಾಗಿಲಲ್ಲಿ ಹೆಂಡತಿ ಕೇಳಿದಳು. "ಗಿರಣಿ ಯಾಕೆ ಇತ್ತೀಚೆಗೆ ಓಡ್ತಾನೇ ಇಲ್ಲ? ಬೆಳಿಗ್ಗೆ ಲೆಕ್ಕ ಮಾಡಿಸಿದ್ರೆ ತಲೆ ಆಡಿಸ್ತಾಳೆ ಅಷ್ಟೇ. ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಂಡಿದ್ಲು."

"ಓದ್ತಾ ಇದ್ದಾಳೆ ಕಣೇ. ತಲೆ ತುಂಬ ಗ್ರೀಸು ರೋಮು. ಪರೀಕ್ಷೆ ಹತ್ರ ಬಂತಲ್ಲ."

"ಪರೀಕ್ಷೆ ಅವ್ಳಿಗೋ ನಿನಗೋ?"

ಕೇಳಿ ಓಡಿದಳು. ಅವಳಿಗೆ ವಾರ್ಡಿಗೆ ತಡವಾಗಿತ್ತು.

ಏಪ್ರಿಲ್ 5, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಿಫ್ಟು ಮುಗಿಸಿ, ಮಗಳನ್ನು ಪಕ್ಕದ ಮನೆಯಲ್ಲಿ ಕೂರಿಸಿ ಲೈಬ್ರರಿಗೆ ಹೋದೆ. ಪುಸ್ತಕದ ಮೇಲೆ ದೂರು ಕೊಡಲು. ದೂರಿನ ಪತ್ರ ಎರಡು ಪುಟ ಬರೆದಿದ್ದೆ. "ಬಡವರ ಮಕ್ಕಳು ಓದುವ ಪುಸ್ತಕವೆಂದು ಹೀಗೆ ಬೇಕಾಬಿಟ್ಟಿ ಅಚ್ಚು ಹಾಕಿರುವುದನ್ನು ಉಗ್ರವಾಗಿ ಖಂಡಿಸುತ್ತೇನೆ" ಅಂತ ಶುರು. ಲೈಬ್ರರಿಯಮ್ಮನ ಮೇಜಿನ ಮೇಲೆ ಪುಸ್ತಕ ಕುಕ್ಕಿದೆ.

"ಏನ್ ಮೇಡಂ ಇದು? ನಿಮ್ ಪುಸ್ತಕದಲ್ಲಿ ಒಬ್ಬೊಬ್ಬನೂ ಹುಟ್ಟೋಕ್ ಮುಂಚೆ ಸಾಯ್ತಾನೆ!"

ಆಕೆ ಪತ್ರವನ್ನು ಪೂರ್ತಿ ಓದಿದರು. ನಾನು ಪೆನ್ನಲ್ಲಿ ತಿದ್ದಿದ್ದನ್ನೂ ನೋಡಿದರು. ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

"ಸರ್, ನೀವು ಕೆಲಸ ಮಾಡೋದು ಎಲ್ಲಿ?"

"ಆಸ್ಪತ್ರೆ ಲಾಂಡ್ರಿ. ನೆಲಮಾಳಿಗೆ ಮೂರು."

"ಲಿಫ್ಟಲ್ಲಿ ಮೇಲೆ ಬರುವಾಗ ಯಾವ್ಯಾವ ಅಂಕಿ ಬರುತ್ತೆ?"

"ನೆಲಮಾಳಿಗೆ ಮೂರು. ಎರಡು. ಒಂದು. ಆಮೇಲೆ ನೆಲ. ಆಮೇಲೆ ಮತ್ತೆ ಒಂದು, ಎರಡು..."

ಅಲ್ಲಿಗೆ ನಿಲ್ಲಿಸಿದೆ. ಆಕೆ ನಾನು ತಿದ್ದಿದ ಪುಟವನ್ನು ನನ್ನ ಕಡೆ ತಿರುಗಿಸಿದರು. ಹದಿನಾರು ವರ್ಷ ಆ ಲಿಫ್ಟಿನಲ್ಲಿ ಹತ್ತಿ ಇಳಿದಿದ್ದೇನೆ. ಕೆಳಗಿನಿಂದ ಬರುವಾಗ ದೊಡ್ಡ ಅಂಕಿ ಮೊದಲು.

ಹಗ್ಗ ಪೂರ್ತಿ ತಲೆಕೆಳಗು.

ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಂದೊಂದೇ ಚೀಟಿ ಕಣ್ಣ ಮುಂದೆ ತಿರುಗಿತು. ಆಟ ಮೊದಲು. ಊರು ಕಟ್ಟಿದ್ದು ಮೊದಲು. ರಾಜನನ್ನು ಓಡಿಸಿದ್ದು, ಜನ ಆಳಿದ್ದು, ಎಲ್ಲ ಮೊದಲೇ ಆಗಿಹೋಗಿತ್ತು. ಅದಾದ ಮೇಲೆ ಸಾಕ್ರಟೀಸನಿಗೆ ವಿಷ. ಅದಾದ ಮೇಲೆ ಗುಲಾಮರ ದಂಗೆ, ಆರು ಸಾವಿರ ಶಿಲುಬೆ. ಅದರ ನಂತರ ರಾಜ ಓಡಲಿಲ್ಲ. ಚಕ್ರವರ್ತಿ ಬಂದ. ಹಗ್ಗದ ಆ ತುದಿಯಲ್ಲಿ ನಿಂತಿರುವವನು ಚಕ್ರವರ್ತಿ.

ನಾನು ಯಾಕೆ ಒಂದು ಸಲವೂ ಅನುಮಾನ ಪಡಲಿಲ್ಲ? ನನಗೆ ಬೇಕಾದ ಹಾಗೆ ಇತ್ತು, ಅದಕ್ಕೆ. ಇಷ್ಟೇ ಕಾರಣ.

ಹತ್ತು ದಿನ ಉಳಿದಿದೆ. ಒಂದು ತಿಂಗಳು ತಪ್ಪನ್ನೇ ಕಲಿಸಿ, ಹ್ಯಾಂಗರು ಬಡಿದು ಬಡಿದು ಬಾಯಿಪಾಠ ಮಾಡಿಸಿದ್ದೇನೆ.

ಏಪ್ರಿಲ್ 6, ಭಾನುವಾರ

ಹೆಂಡತಿಗೆ ಹೇಳಿದೆ. ಅವಳು ಹಗ್ಗ ನೋಡಿದಳು, ನನ್ನ ನೋಡಿದಳು.

"ನಾನು ದಿನಾ ನೋಡಿದೀನಿ ಇದನ್ನ. ಬಲಗಡೆಯಿಂದ ಓದ್ಕೊಂಡು ಬರ್ತೀರ ಅಂದ್ಕೊಂಡಿದ್ದೆ."

ಎಷ್ಟು ಸುಲಭ. ಒಂದು ಚೀಟಿಯನ್ನೂ ಕೀಳಬೇಕಾಗಿಲ್ಲ. ಆ ಗೋಡೆಯ ಹತ್ತಿರ ಹೋಗಿ ನಿಂತರೆ ಆಯಿತು.

ಆಮೇಲೆ ಮಗಳನ್ನು ಕೂರಿಸಿಕೊಂಡೆ. ಯೂನಿಯನ್ನಿನ ಜನರಲ್ ಬಾಡಿ ಮೀಟಿಂಗಿನಲ್ಲಿ ಮುಷ್ಕರದ ಸೋಲು ಒಪ್ಪಿಕೊಂಡದ್ದು ಇದಕ್ಕಿಂತ ಸುಲಭವಾಗಿತ್ತು.

"ಪುಟ್ಟಿ, ಹಗ್ಗ ಉಲ್ಟಾ ಆಗಿದೆ. ಪ್ರಿಂಟಿನವರದಲ್ಲ. ತಪ್ಪು ನಂದು."

"ಗೊತ್ತಿತ್ತು."

"ಯಾವಾಗಿಂದ?"

"ಅಲೆಕ್ಸಾಂಡರ್ ದಿನದಿಂದ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಪ್ರಶ್ನೆ ಬೇಡ ಅಂದ್ಯಲ್ಲ."

ಇಷ್ಟು ಹೇಳಿ ಕೈ ಹಿಂದೆ ಕಟ್ಟಿಕೊಂಡಳು. ಕೂತಲ್ಲೇ. ನಾನು ಹೇಳಿರಲಿಲ್ಲ.

ಏಪ್ರಿಲ್ 8, ಮಂಗಳವಾರ

ಗುಲಾಮರು ಸೋತರು ಅಂತ ಇವತ್ತು ಹೇಳಿದೆ. ಹೇಳದೆ ವಿಧಿಯಿರಲಿಲ್ಲ, ಪಟ್ಟಿಯಲ್ಲಿದೆ. ಹೆಬ್ಬೆರಳು ತೆಗೆದು ಆ ಸಾಲನ್ನೂ ಓದಿಸಿದೆ. ಆರು ಸಾವಿರ.

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಪುಸ್ತಕದ ಭೂಪಟ ತೆಗೆದು ಅಳತೆಪಟ್ಟಿ ಇಟ್ಟು ಏನೋ ಅಳೆದಳು. ಕಾಗದದ ಮೇಲೆ ಏನೋ ಭಾಗಾಕಾರ ಮಾಡಿದಳು. ಏನು ಅಂತ ಕೇಳಿದರೆ ಕೈಯಲ್ಲಿ ಮುಚ್ಚಿಕೊಂಡಳು.

ಮಗುವಿನ ತಲೆಗೆ ಎಂಥದನ್ನು ತುಂಬಿದೆ ನಾನು? ಹಾಸಿಗೆ ಇವತ್ತೂ ಒದ್ದೆ.

ಹ್ಯಾಂಗರನ್ನು ಲಾಂಡ್ರಿಗೆ ವಾಪಸ್ಸು ಕೊಂಡುಹೋಗಿ ಇಟ್ಟೆ. ಅಲ್ಲಿ ಕಡಿಮೆ ಬೀಳುತ್ತಿತ್ತು.

ಏಪ್ರಿಲ್ 11, ಶುಕ್ರವಾರ

ಬಲಗಡೆಯಿಂದ ಎಡಕ್ಕೆ ಹನ್ನೆರಡೂ ಸರಿಯಾಗಿ ಜೋಡಿಸುತ್ತಾಳೆ. ಕೈಯಲ್ಲಿ. ಬಾಯಲ್ಲಿ ಹೇಳು ಅಂದರೆ ಇಲ್ಲ. ನನ್ನೆದುರೇ ಇಲ್ಲ. ಬೇಡಿಕೊಂಡೆ. ಕನ್ನಡಕ ಹಾಕದೆಯೇ ಕೂತಿದ್ದೆ. ಆದರೂ ಇಲ್ಲ.

ಶಾಲೆಯ ಮುಂದಿನ ದಾರಿಯಲ್ಲಿ ಇವತ್ತು ಊಟದ ಬಿಡುವಿನಲ್ಲಿ ಬೇಕೆಂದೇ ಒಬ್ಬನೇ ನಡೆದುಬಂದೆ. ಒಳಗೆ ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಮಗ್ಗಿ ಹೇಳುತ್ತಿದ್ದರು. ಕಾಂಪೌಂಡು ಹಿಡಿದು ನಿಂತೆ.

ಏಪ್ರಿಲ್ 14, ಸೋಮವಾರ

ನಾಳೆ.

ಮಗಳ ಸ್ಕರ್ಟಿಗೆ ಎರಡು ಸಲ ಇಸ್ತ್ರಿ ಹಾಕಿದೆ. ಬರೆಯಲಾರೆ.

ಏಪ್ರಿಲ್ 15, ಮಂಗಳವಾರ

ಹೆಂಡತಿಗೆ ಇವತ್ತೇ ಬೆಳಗಿನ ಪಾಳಿ ಹಾಕಿದರು, ರಜೆ ಕೊಡಲಿಲ್ಲ; ನನಗೆ ಸಿಕ್ಕಿತು. ನಾನು, ಮಗಳು ಇಬ್ಬರೇ ಹೋದೆವು. ಎರಡನೇ ಮಹಡಿ, ಉದ್ದನೆಯ ಮೇಜು, ಹಿಂದೆ ಮೂರು ಕುರ್ಚಿ. ನಡುವೆ ಫೈಲು ಹಿಡಿದ ಮೇಡಂ. ಒಂದು ಪಕ್ಕ ನಿವೃತ್ತ ಮೇಷ್ಟರು. ಇನ್ನೊಂದು ಪಕ್ಕ ಬರೆದುಕೊಳ್ಳುವ ಗುಮಾಸ್ತ. ಪೋಷಕರು ಗೋಡೆಯ ಹತ್ತಿರದ ಸ್ಟೂಲಿನ ಮೇಲೆ ಕೂರಬೇಕು, ಮಾತಾಡಬಾರದು, ಸನ್ನೆ ಮಾಡಬಾರದು.

ಹನ್ನೆರಡು ಚೀಟಿ ಕೊಟ್ಟರು. ಮಗಳು ಒಂದೂ ತಪ್ಪದೆ ಜೋಡಿಸಿದಳು. 776ರಿಂದ 27ಕ್ಕೆ. ನನಗೆ ಒಂದು ಉಸಿರು ಬಂತು.

"ಗುಡ್. ಈಗ ಬಾಯಲ್ಲಿ ಹೇಳು," ಮೇಡಂ ಅಂದರು. "ಸ್ಪಾರ್ಟಕಸ್ ಯಾರು?"

ಇಲ್ಲ.

"ಅಥೆನ್ಸಿನ ಬಗ್ಗೆ ಹೇಳ್ತೀಯಾ?"

ಇಲ್ಲ. ಕೈ ಹಿಂದೆ. ಕಣ್ಣು ನೆಲಕ್ಕೆ. ನಾನು ಕಲಿಸಿದ ಹಾಗೇ.

ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಹೋಯಿತು. ಮೇಡಂ ಗುಮಾಸ್ತನ ಕಡೆ ತಿರುಗಿ "ಮೌಖಿಕ, ಸೊನ್ನೆ ಅಂತ ಬರ್ಕೊಳ್ಳಿ" ಅಂದರು. ಮಗಳ ಸ್ಕರ್ಟಿನ ಅಂಚು ನಡುಗುತ್ತಿತ್ತು. ಒದ್ದೆ ಮಾಡಿಕೊಳ್ಳುತ್ತಾಳೆ, ಇಲ್ಲೇ, ಇವರ ಮುಂದೆ, ಅಂತ ಅನಿಸಿತು. ಯಾವಾಗ ಎದ್ದುನಿಂತೆನೋ ಗೊತ್ತಿಲ್ಲ.

"ಮೇಡಂ, ತಪ್ಪು ಅವಳದಲ್ಲ. ಇಸವಿ ಎಲ್ಲಾ ಉಲ್ಟಾ ಕಲಿಸಿದ್ದು ನಾನು. ನನಗೆ ಗೊತ್ತಿರ್ಲಿಲ್ಲ. ಅವಳಿಗೆ ಗೊತ್ತಾಯ್ತು, ಕೇಳಿದ್ಲು. ನಾನು ಬಾಯ್ಮುಚ್ಚು ಅಂದೆ. ಗೋಡೆಗೆ ನಿಲ್ಸಿ ಬಾಯಿಪಾಠ ಮಾಡಿಸ್ದೆ. ಸೊನ್ನೆ ಹಾಕೋದಾದ್ರೆ ನನಗೆ ಹಾಕಿ."

"ಪೋಷಕರು ಮಾತಾಡೋ ಹಾಗಿಲ್ಲ ಅಂತ ಹೇಳಿದೀನಿ ತಾನೆ? ಬಾಯ್ಮುಚ್ಕೊಂಡು ಕೂತ್ಕೊಳ್ರೀ!"

"ನಮ್ಮಪ್ಪನಿಗೆ ಬಾಯ್ಮುಚ್ಚು ಅನ್ಬೇಡಿ."

ಮೊದಲು ಯಾರ ದನಿ ಅಂತ ತಿಳಿಯಲಿಲ್ಲ. ಸಣ್ಣಗೆ, ಕೀರಲಾಗಿತ್ತು. ಒಂಬತ್ತು ತಿಂಗಳಲ್ಲಿ ಹೊರಗಿನವರಿಗೆ ಅವಳು ಹೇಳಿದ ಮೊದಲ ಮಾತು.

"ಅಪ್ಪ ತಪ್ಪು ಹೇಳ್ಕೊಟ್ಟಿದ್ದು ನಿಜ. ಆಮೇಲೆ ಬಂದು ತಪ್ಪು ನಂದು ಅಂತ ಹೇಳ್ತು. ನಮ್ ಟೀಚರ್ ಹೇಳ್ಲೇ ಇಲ್ಲ."

ಗುಮಾಸ್ತನ ಪೆನ್ನು ನಿಂತಿತು. ಮೇಡಂ ಏನೋ ಹೇಳಲು ಹೊರಟರು. ಮೇಷ್ಟರು ಅಡ್ಡ ಬಂದು ಮೆತ್ತಗೆ ಕೇಳಿದರು. "ಹಾಗಾದ್ರೆ ನೀನೇ ಹೇಳಮ್ಮ. ಸ್ಪಾರ್ಟಕಸ್ ಕಥೆ ಏನಾಯ್ತು?"

ಹೇಳಿದಳು. ನಿಂತು ನಿಂತು, ತೊದಲಿ, ಪೂರ್ತಿ ಹೇಳಿದಳು. ಅಡುಗೆಮನೆಯ ಚಾಕು. ಬೆಟ್ಟದ ಮೇಲಿನ ಬಳ್ಳಿ ಹೆಣೆದು ಇಳಿದದ್ದು. ಎರಡು ವರ್ಷ ಸೈನ್ಯದ ಮೇಲೆ ಸೈನ್ಯ ಸೋಲಿಸಿದ್ದು. ಕೊನೆಗೆ ಸೋತದ್ದು.

"ಸೋತ್ರು ಅಂದ್ಮೇಲೆ ನಾವು ಅದನ್ನ ಯಾಕೆ ಓದ್ಬೇಕು?" ಮೇಷ್ಟರು ಕೇಳಿದರು.

ಅವಳು ಜೇಬಿನಿಂದ ಮಡಿಸಿದ ಕಾಗದ ತೆಗೆದಳು. ಅದೇ ಭಾಗಾಕಾರ.

"ಕಾಪುವಾದಿಂದ ರೋಮ್‌ಗೆ ಸುಮಾರು 200 ಕಿಲೋಮೀಟರ್. ಶಿಲುಬೆ 6000. ಅಂದ್ರೆ 33 ಮೀಟರಿಗೆ ಒಂದು. ಒಂದು ಹತ್ರ ನಿಂತ್ರೆ ಇನ್ನೊಂದು ಕಾಣುತ್ತೆ. ಅಷ್ಟು ಮರ ಕಡೀಬೇಕು, ಅಷ್ಟು ಗುಂಡಿ ತೋಡ್ಬೇಕು, ಆರು ಸಾವಿರ ಸಲ. ಗೆದ್ದವ್ರು ಅವ್ರೇ ಅಲ್ವಾ? ಮತ್ತೆ ಅವ್ರಿಗ್ಯಾಕೆ ಅಷ್ಟೊಂದು ಹೆದ್ರಿಕೆ?"

ಗುಮಾಸ್ತ ಕಾಗದದ ಕಡೆ ಕತ್ತು ಚಾಚಿದ.

"ನೀವು ಹೇಳಿ," ಅಂದಳು ಮೇಡಂಗೆ.

ಮೇಡಂ ಫೈಲು ಮುಚ್ಚಿದರು. ಹದಿನೈದು ದಿನದಲ್ಲಿ ಪತ್ರ ಬರುತ್ತದೆ, ಹೋಗಿ ಅಂದರು.

ಮೆಟ್ಟಿಲ ಹತ್ತಿರ ಬಂದೆವು. ಕಂಬಿ ಹಿಡಿದುಕೊಂಡು ಇಳಿದೆ. ಮುಗಿಯಿತು, ನಾನೇ ಎದ್ದು ನಿಂತು ಎಲ್ಲ ಕೆಡಿಸಿದೆ, ಪರೀಕ್ಷಕರನ್ನೇ ಮಗು ಪ್ರಶ್ನೆ ಕೇಳಿದ ಮೇಲೆ ಇವರು ಬಿಡುತ್ತಾರಾ ಅಂತ ಒಂದೇ ಸಮನೆ ತಲೆಯಲ್ಲಿ. ಮಗಳು ಮೆಟ್ಟಿಲು ಎಣಿಸುತ್ತ ಮುಂದೆ ಮುಂದೆ ಹೋದಳು. ಗಟ್ಟಿಯಾಗಿ ಎಣಿಸುತ್ತಿದ್ದಳು. ಕೆಳಗಿನ ಕಾವಲುಗಾರನನ್ನು, "ಈ ಬಿಲ್ಡಿಂಗಿಗೆ ನೆಲಮಾಳಿಗೆ ಇದ್ಯಾ?" ಅಂತ ಕೇಳಿದಳು.

ಏಪ್ರಿಲ್ 22, ಮಂಗಳವಾರ

ಪತ್ರವಿಲ್ಲ. ಪೋಸ್ಟ್‌ಮ್ಯಾನನ ಸೈಕಲ್ ಬೆಲ್ಲು ಕೇಳಿದರೆ ಬಾಗಿಲಿಗೆ ಓಡುತ್ತೇನೆ. ಹಾಸಿಗೆ ಒದ್ದೆಯಾಗಿ ಆರು ದಿನವಾಯಿತು. ಅಂದರೆ, ಆಗದೆ ಆರು ದಿನ.

ಏಪ್ರಿಲ್ 29, ಮಂಗಳವಾರ

ಬಂತು. ಹೆಂಡತಿ ಒಡೆಯದೆಯೇ ಹಿಂಬಾಗಿಲಿಗೆ ತಂದಳು, ನನಗೂ ಒಡೆಯುವ ಧೈರ್ಯವಿರಲಿಲ್ಲ, ಅವಳ ಕೈಗೇ ಕೊಟ್ಟೆ. ಅವಳು ಒದ್ದೆ ಶೀಟು ತುಂಬಿದ ಟ್ರಾಲಿಗೆ ಒರಗಿ ಓದಿದಳು.

"ವಿದ್ಯಾರ್ಥಿನಿಯ ತಿಳಿವಳಿಕೆ ತೃಪ್ತಿಕರ. ಒಂದು ವರ್ಷದ ಅನುಮತಿ ನೀಡಲಾಗಿದೆ. ಬೋಧಕರ ಅರ್ಹತೆ ಅತೃಪ್ತಿಕರ. ಇತಿಹಾಸ ವಿಷಯವನ್ನು ಇನ್ನು ಮುಂದೆ ಬೇರೆಯವರು ಬೋಧಿಸತಕ್ಕದ್ದು."

ಮುಖ ಮೇಲೆತ್ತಿದಳು. "ಕಾಮ್ರೇಡ್, ಮಗಳು ಪಾಸು. ನೀನು ಫೇಲು."

ಮೂರು ನಿಮಿಷವೂ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು ವಾರ್ಡಿಗೆ ಓಡಿದಳು. ನಾನು ಆ ಒದ್ದೆ ಶೀಟುಗಳ ರಾಶಿಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದೆ. ಒಂದು ವರ್ಷ ಅಂದರೆ ಹನ್ನೆರಡೇ ತಿಂಗಳು. ಮುಂದಿನ ಸಲ ಯಾರು ಕೂತಿರುತ್ತಾರೋ.

ಮೇ 4, ಭಾನುವಾರ

ಹೊಸ ಟೀಚರ್ ಹೆಂಡತಿ. ಮಗಳ ಹಟದ ಮೇಲೆ ನನ್ನನ್ನೂ ಬೆಂಚಿನ ಮೇಲೆ ಅವಳ ಪಕ್ಕ ಕೂರಿಸಿದರು. "ಫೇಲಾದವ್ರು ಮತ್ತೆ ಕೂತ್ಕೋಬೇಕು" ಅಂತ ನಿಯಮವಂತೆ.

ಪಾಠ ಅದೇ ದಂಗೆ, ಅದೇ ದಾರಿ. ಹೆಂಡತಿ ಚೆನ್ನಾಗಿ ಹೇಳುತ್ತಾಳೆ, ನಿಧಾನವಾಗಿ, ನೋವಿನವರ ಹತ್ತಿರ ಮಾತಾಡುವ ಹಾಗೆ. ಕೇಳುತ್ತ ಕೇಳುತ್ತ ನನಗೊಂದು ಪ್ರಶ್ನೆ ಬಂತು. ಕೇಳಲೋ ಬೇಡವೋ ಅಂತ ಕೂತೆ. ದಡ್ಡ ಪ್ರಶ್ನೆಯಾದರೆ? ಮಗಳ ಮುಂದೆ? ನಲವತ್ತೊಂದು ವರ್ಷದ ಗಂಡಸು, ಕೈ ಎತ್ತಲು ಬೆವರಿದೆ.

ಎತ್ತಿದೆ.

"ಹೇಳಪ್ಪ," ಹೆಂಡತಿ ಅಂದಳು.

"ಆ ಆರು ಸಾವಿರ ಜನರ ಹೆಸರು ಎಲ್ಲಾದ್ರೂ ಬರ್ದಿಟ್ಟಿದಾರಾ?"

ಹೆಂಡತಿ ಪುಸ್ತಕದ ಪುಟ ಹಿಂದೆ ಮುಂದೆ ತಿರುಗಿಸಿದಳು. "ಇದರಲ್ಲಿಲ್ಲ. ಮುಂದಕ್ಕೆ ಹೋಗೋಣ."

ಸರಿ ಅಂತ ಕೈ ಇಳಿಸುತ್ತಿದ್ದೆ. ಮಗಳು ನನ್ನ ಮೊಣಕೈ ಹಿಡಿದು ಮತ್ತೆ ಮೇಲಕ್ಕೆ ಎತ್ತಿದಳು. ಕಿವಿಯ ಹತ್ತಿರ ಬಂದಳು.

"ಬಿಡಬೇಡ ಅಪ್ಪ. ಇನ್ನೊಂದ್ಸಲ ಕೇಳು."

ಕೇಳಿದೆ.